ಒಡೆದ ಗಾಜಿನ ಖರ್ಚಿನ ಬಿಲ್ಲು ಹಿಡಿದು ಹಳೇ ಬೇಸ್‌ಬಾಲ್ ಹುಡುಕಿದೆ: ನನ್ನ ಅನುಭವ

ಅಮೆರಿಕದ ಮ್ಯಾಸಚೂಸೆಟ್ಸ್‌ನ ಹಳೇ ಊರುಗಳಲ್ಲಿ ಬೇಸ್‌ಬಾಲ್ ಯಾವಾಗಿನಿಂದ ಇತ್ತು ಅಂತ ಬಿಡುವಿನಲ್ಲಿ ದಾಖಲೆ ಕೆದಕುವವರಲ್ಲಿ ನಾನೂ ಒಬ್ಬ. ಸಂಬಳ ಇಲ್ಲ, ಖರ್ಚು ನಮ್ಮದೇ. ಒಡೆದ ಕಿಟಕಿಗೆ ಗಾಜು ಕೂರಿಸಿದ್ದಕ್ಕೆ ದುಡ್ಡು ಕೊಟ್ಟ ಹಳೇ ಬಿಲ್ಲುಗಳ ಜಾಡು ಹಿಡಿಯೋಣ ಅಂತ ನಾನು ಹೇಳಿದಾಗ ಗುಂಪಿನ ಹಿರಿಯರು ನಕ್ಕಿದ್ದರು. ಹೋದ ಚಳಿಗಾಲ ಅದೇ ದಾರಿಯಲ್ಲಿ, ಹಳೇ ಬೇಸ್‌ಬಾಲಿನ ದಾಖಲೆ ಇರುವ ಒಂದು ಊರು ಸಿಕ್ಕಿತು. ಈಗ ಅವರೇ ಫೋನ್ ಮಾಡಿ, ಆ ಬಿಲ್ಲು ಎಲ್ಲಿರುತ್ತೆ ಅಂತ ಕೇಳುತ್ತಾರೆ.

1839ರಲ್ಲಿ ಕೂಪರ್ಸ್‌ಟೌನ್ ಊರಿನಲ್ಲಿ ಡಬಲ್‌ಡೇ ಅನ್ನುವವನು ಬೇಸ್‌ಬಾಲ್ ಕಂಡುಹಿಡಿದ ಅನ್ನುವ ಕಥೆಯನ್ನು ಇಲ್ಲಿ ತೆಗೆಯುವುದಿಲ್ಲ. ಆ ವರ್ಷ ಆ ಮನುಷ್ಯ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಕೆಡೆಟ್ ಆಗಿದ್ದ, ಅಷ್ಟು ಸಾಕು.

ಮೊದಲು ಎಲ್ಲರ ಹಾಗೆ ನಾನೂ ಹಳೇ ಪತ್ರಿಕೆಗಳ ಡೇಟಾಬೇಸ್‌ಗೆ ದುಡ್ಡು ಸುರಿದೆ. ಎರಡು ಚಂದಾ ಸೇರಿ ವರ್ಷಕ್ಕೆ ಮುನ್ನೂರು ಡಾಲರ್ ಮೇಲೇ ಆಯಿತು. "ರೀ, ಈ ದುಡ್ಡಲ್ಲಿ ಫೆನ್ವೇ ಪಾರ್ಕಿಗೆ ಹೋಗಿ ಇವತ್ತಿನ ಮ್ಯಾಚೇ ನೋಡಬಹುದಿತ್ತಲ್ಲ" ಅಂದಳು ಹೆಂಡತಿ. ಹದಿನೆಂಟನೇ ಶತಮಾನದ ಅಚ್ಚಿನಲ್ಲಿ 'ಎಸ್' ಅಕ್ಷರ ಉದ್ದಕ್ಕೆ 'ಎಫ್' ಥರ ಇರುತ್ತದೆ. ಯಂತ್ರ ಅದನ್ನು 'ಬೇಫ್ ಬಾಲ್' ಅಂತ ಓದುತ್ತದೆ. ಹಾಗೆ ಕೊಟ್ಟೂ ಹುಡುಕಿದೆ. 'ಬಾಲ್' ಅಂತ ಹುಡುಕಿದರೆ ಬಂದೂಕಿನ ಗುಂಡು, ಇಲ್ಲವೇ ಕುಣಿತದ ಕೂಟ. 'ವಿಕೆಟ್' ಅಂತ ಹುಡುಕಿದರೆ ಬೇಲಿಯ ಗೇಟು. 'ಕ್ರಿಕೆಟ್' ಕೊಟ್ಟರೆ ಹುಳ ಬರುತ್ತಿತ್ತು.

ಪತ್ರಿಕೆಯಲ್ಲಿ ಸಿಗುವುದೇ ಇಲ್ಲ ಅಂತಲ್ಲ. ಜಾರ್ಜ್ ಥಾಂಪ್ಸನ್ ಅನ್ನುವ ಸಂಶೋಧಕರಿಗೆ 1823ರ ನ್ಯೂಯಾರ್ಕ್ ಪತ್ರಿಕೆಯಲ್ಲೇ ಬೇಸ್‌ಬಾಲ್ ಸಿಕ್ಕಿದ್ದು. 1825ರ ಡೆಲ್ಲಿ ಗೆಜೆಟ್‌ನಲ್ಲಿ ಹ್ಯಾಮ್ಡನ್ ಊರಿನವರು, ತಲಾ ಒಂದು ಡಾಲರ್ ಪಣಕ್ಕೆ ನಮ್ಮ ಜೊತೆ ಆಡಲು ಬನ್ನಿ ಅಂತ ಸವಾಲು ಹಾಕಿದ್ದಾರೆ. (ಹೌದು, ನ್ಯೂಯಾರ್ಕ್ ರಾಜ್ಯದಲ್ಲೂ ಒಂದು ಡೆಲ್ಲಿ ಇದೆ.) ಆದರೆ ನಾನು ಹುಡುಕುತ್ತಿದ್ದ ಸಣ್ಣ ಊರುಗಳಿಗೆ ಆಗ ಪತ್ರಿಕೆಯೇ ಇರಲಿಲ್ಲ. ಪಕ್ಕದ ಊರಿನ ಪತ್ರಿಕೆ ತೆಗೆದರೆ ಯೂರೋಪಿನ ಯುದ್ಧದ ಸುದ್ದಿ, ಕಳೆದುಹೋದ ಹಸುವಿನ ಜಾಹೀರಾತು. ಬೀದಿ ಹುಡುಗರ ಆಟ ಯಾರಿಗೆ ಬೇಕು?

ಆಮೇಲೆ ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್ ಊರಿನ 1791ರ ಬೈಲಾವನ್ನು, ಅಂದರೆ ಊರಿನ ಕಟ್ಟಳೆಯನ್ನು, ಮತ್ತೆ ಓದಿದೆ. 2004ರಲ್ಲಿ ಬೇಸ್‌ಬಾಲ್ ಇತಿಹಾಸಕಾರ ಜಾನ್ ಥಾರ್ನ್ ಅದನ್ನು ಬೆಳಕಿಗೆ ತಂದಾಗಿನಿಂದ ನಾವೆಲ್ಲ ಅದರಲ್ಲಿ ಬೇಸ್‌ಬಾಲ್ ಅನ್ನುವುದನ್ನೇ ನೋಡಿದ್ದು. ವಿಕೆಟ್, ಕ್ರಿಕೆಟ್, ಬೇಸ್‌ಬಾಲ್, ಬ್ಯಾಟ್‌ಬಾಲ್, ಫುಟ್‌ಬಾಲ್, ಕ್ಯಾಟ್, ಫೈವ್ಸ್, ಹೀಗೆ ಚೆಂಡಿನ ಯಾವ ಆಟವನ್ನೂ ಮೀಟಿಂಗ್ ಹೌಸಿನ (ಊರಿನ ಪ್ರಾರ್ಥನೆ, ಸಭೆ ನಡೆಯುವ ಕಟ್ಟಡ) ಎಂಬತ್ತು ಗಜದೊಳಗೆ ಆಡಬಾರದು ಅಂತ ಅದರಲ್ಲಿದೆ. ಆದರೆ ಬೈಲಾ ಮಾಡಿದ್ದು ಆಟಕ್ಕೋಸ್ಕರ ಅಲ್ಲ. ಹೊಸ ಮೀಟಿಂಗ್ ಹೌಸಿನ ಕಿಟಕಿ ಉಳಿಸಲಿಕ್ಕೆ, ಅಂತ ಅದರಲ್ಲೇ ಬರೆದಿದ್ದಾರೆ. ಅಂದರೆ ಊರಿನವರಿಗೆ ಆಟ ಬರೆದಿಡುವ ವಿಷಯ ಆಗಿರಲಿಲ್ಲ, ಗಾಜು ಆಗಿತ್ತು. ಗಾಜು ಒಡೆದರೆ ದುಡ್ಡು ಹೋಗುತ್ತದೆ. ದುಡ್ಡು ಹೋದರೆ ಲೆಕ್ಕ ಇರಲೇಬೇಕು, ಅಲ್ವಾ?

ಹಾಗಾಗಿ 1780ರಿಂದ 1820ರ ನಡುವೆ ಹೊಸ ಮೀಟಿಂಗ್ ಹೌಸ್ ಕಟ್ಟಿದ ಊರುಗಳನ್ನು ಪಟ್ಟಿ ಮಾಡಿಕೊಂಡೆ. ಆ ಊರುಗಳ ಖಜಾಂಚಿ ಲೆಕ್ಕದ ಪುಸ್ತಕ ಹಿಡಿದೆ. ಕೆಲವು ಫ್ಯಾಮಿಲಿಸರ್ಚ್ ಅನ್ನುವ ವಂಶಾವಳಿ ದಾಖಲೆಗಳ ವೆಬ್‌ಸೈಟಿನಲ್ಲಿ ಬಿಟ್ಟಿ ಸಿಕ್ಕವು, ಆದರೆ ಸೂಚಿ ಇರಲಿಲ್ಲ. ಪುಟ ಪುಟ ತಿರುವಬೇಕಾಯಿತು. ಉಳಿದವು ಊರಿನ ಕಚೇರಿಯ ಟೌನ್ ಕ್ಲರ್ಕ್ ಬಳಿ, ಬೀಗ ಹಾಕಿದ ದಾಖಲೆ ಕೋಣೆಯಲ್ಲಿ. ಒಂದು ಊರಿನ ಕಚೇರಿಯಲ್ಲಿ ಫೋನಿನಲ್ಲಿ ಫೋಟೋ ತೆಗೆಯಲು ಬಿಡಲಿಲ್ಲ, ಪುಟಕ್ಕೆ ಇಷ್ಟು ಅಂತ ದುಡ್ಡು ಕೀಳಿದರು. ಕೊನೆಗೆ ಕೊಟ್ಟ ನಕಲು ಮಸಿ ಮಸಿ. ಅಲ್ಲಿ ಐವತ್ತು ಡಾಲರ್ ಚಿಲ್ಲರೆ ಹೋಯಿತು, ಸಿಕ್ಕಿದ್ದು ಸೊನ್ನೆ.

ಬಿಲ್ಲು ಓದುವುದನ್ನು ಕಲಿಯಲು ಒಂದು ವರ್ಷ ಹಿಡಿಯಿತು ಅನ್ನಬಹುದು. ಕಿಟಕಿಯ ಒಂದೊಂದು ಗಾಜಿನ ತುಂಡಿಗೆ ಅವರು 'ಸ್ಕ್ವೇರ್' ಅನ್ನುತ್ತಿದ್ದರು. ಅಳತೆ ಏಳು ಇಂಚು ಒಂಬತ್ತು ಇಂಚು, ಕೆಲವೆಡೆ ಆರು ಎಂಟು. ದೇಶಕ್ಕೆ ಡಾಲರ್ ಬಂದ ಮೇಲೂ ಲೆಕ್ಕ ಶಿಲ್ಲಿಂಗು ಪೆನ್ಸಿನಲ್ಲೇ. ಶಾಯಿ ಕಂದು ತಿರುಗಿ, ಏಳು ಯಾವುದು ಒಂದು ಯಾವುದು ಗೊತ್ತಾಗುವುದಿಲ್ಲ. ಒಟ್ಟು ಮೊತ್ತದಿಂದ ಹಿಂದಕ್ಕೆ ಕಳೆದು ನೋಡಬೇಕು.

ಗಾಜು ಆಲಿಕಲ್ಲಿಗೂ ಒಡೆಯುತ್ತದೆ, ಅದಕ್ಕೇನು ಮಾಡುತ್ತೀಯ ಅಂತ ಹಿರಿಯರ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಆಲಿಕಲ್ಲು ಬಿದ್ದರೆ ಒಂದೇ ಸಲ ರಾಶಿ ಗಾಜು ಹೋಗುತ್ತದೆ, ಆಮೇಲೆ ವರ್ಷಗಟ್ಟಲೆ ಬಿಲ್ಲಿಲ್ಲ. ಹುಡುಗರಾದರೆ ಪ್ರತಿ ವರ್ಷ ಮೂರೋ ನಾಲ್ಕೋ ಸ್ಕ್ವೇರ್. ಅದೂ ವಸಂತದಲ್ಲಿ. ನ್ಯೂ ಇಂಗ್ಲೆಂಡಿನಲ್ಲಿ ಗವರ್ನರ್ ಸಾರುತ್ತಿದ್ದ ಉಪವಾಸದ ದಿನ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಬರುತ್ತಿತ್ತು. ಉಪವಾಸ ಮಾಡುವವರು ಮಾಡಿದರು, ಹುಡುಗರು ಚೆಂಡು ಹಿಡಿದರು. ಮೇ ತಿಂಗಳಲ್ಲಿ ಗಾಜಿನ ಬಿಲ್ಲು ಸಾಲಾಗಿ ನಾಲ್ಕೈದು ವರ್ಷ ಕಂಡರೆ, ಅದರ ಮುಂದಿನ ಊರಸಭೆಗಳ ವಾರಂಟ್ (ಸಭೆಯ ವಿಷಯಪಟ್ಟಿ) ತೆಗೆದು, ಚೆಂಡಾಟದ ಮಾತು ಇದೆಯೇ ಅಂತ ನೋಡಿ. ನನಗೆ ಆ ಊರಿನ ದಾಖಲೆ ಸಿಕ್ಕಿದ್ದು ಹಾಗೇ. ಪಿಟ್ಸ್‌ಫೀಲ್ಡ್‌ಗಿಂತ ಸುಮಾರು ಇಪ್ಪತ್ತು ವರ್ಷ ಈಚಿನದು, ಆದರೆ ಬೇಸ್ ಅಂತ ಸ್ಪಷ್ಟವಾಗಿದೆ. ಊರಿನ ಹೆಸರು ಲೇಖನ ಅಚ್ಚಾದ ಮೇಲೆ. ಲೆಕ್ಕದ ಪುಸ್ತಕದ ಯಾವ ಭಾಗ ಮೊದಲು ತೆಗೆಯಬೇಕು ಅನ್ನುವುದನ್ನೂ ಸದ್ಯಕ್ಕೆ ಹೇಳುವುದಿಲ್ಲ.

ಮಧ್ಯೆ ಇನ್ನೊಂದು ಹುಚ್ಚು ಹತ್ತಿತ್ತು. 1858ರಲ್ಲಿ ಡೆಡಮ್‌ನಲ್ಲಿ ಬರೆದ ಮ್ಯಾಸಚೂಸೆಟ್ಸ್ ಆಟದ (ಹಳೇ ಬೇಸ್‌ಬಾಲಿನ ಒಂದು ಬಗೆ) ನಿಯಮ ಇಟ್ಟುಕೊಂಡು, ಬೇಸಿಗೆಯಲ್ಲಿ ಕನ್ನಡದ ಗೆಳೆಯರನ್ನು ಸೇರಿಸಿ ಆಡಿಸಿದೆ. ಓಡುವವನು ಮುಟ್ಟಬೇಕಾದ ಬೇಸ್ ಬದಲು ನಾಲ್ಕು ಅಡಿ ಎತ್ತರದ ಗೂಟ, ಅರವತ್ತು ಅಡಿಗೊಂದು. ಓಡುವವನಿಗೆ ಚೆಂಡಲ್ಲಿ ಹೊಡೆದರೆ ಔಟ್, ಥೇಟ್ ಲಗೋರಿ. ನಮ್ಮವರಿಗೆ ಹೇಳಿಕೊಡುವುದೇ ಬೇಕಾಗಲಿಲ್ಲ. ನೂರು ರನ್ ಆದವರು ಗೆದ್ದಂತೆ. ನಾವು ಮೂವತ್ತಕ್ಕೇ ಸುಸ್ತಾಗಿ ಚಿತ್ರಾನ್ನಕ್ಕೆ ಕೂತೆವು.

ಚೆಂಡು ನಾನೇ ಮಾಡಿದ್ದು. ಉಲ್ಲನ್ ದಾರ ಸುತ್ತಿ, ಮೇಲೆ ತೊಗಲು ಹೊಲಿದು, ಎರಡೂವರೆ ಔನ್ಸ್ ಹತ್ತಿರ ತಂದೆ. ಹಳೇ ಸಾಮಾನಿನ ಅಂಗಡಿಯಿಂದ ಇಪ್ಪತ್ತು ಡಾಲರಿಗೆ ಕಿಟಕಿ ಚೌಕಟ್ಟೊಂದು ತಂದು ದೂರದಲ್ಲಿ ನಿಲ್ಲಿಸಿದ್ದೆ. ಯಾರ ಹೊಡೆತವೂ ಅರವತ್ತು ಗಜ ದಾಟಲಿಲ್ಲ. ಹತ್ತಿರ ತಂದಾಗ ಮಾತ್ರ ಗಾಜು ಪಳಾರ್ ಅಂತ ಹೋಯಿತು. ಎಂಬತ್ತು ಗಜ ಅಂತ ಬರೆದ ಪುಣ್ಯಾತ್ಮರು ಜಾಸ್ತಿಯೇ ಇಟ್ಟುಕೊಂಡಿದ್ದರು.

ಮುಂದೆ ಕನೆಕ್ಟಿಕಟ್ ಕಡೆ ಹೋಗಬೇಕು ಅಂತಿದ್ದೇನೆ. ಅಲ್ಲಿ ಆಗ ವಿಕೆಟ್ ಆಟದ್ದೇ ಜೋರಿತ್ತು. ಆದರೆ ವಿಕೆಟ್‌ನಲ್ಲಿ ದೊಡ್ಡ ಚೆಂಡನ್ನು ನೆಲದ ಮೇಲೆ ಉರುಳಿಸುತ್ತಿದ್ದರು, ಗಾಜು ಅಷ್ಟಾಗಿ ಒಡೆಯುತ್ತಿರಲಿಲ್ಲ. ಅದಕ್ಕೆ ಬೇರೆ ಥರದ ಬಿಲ್ಲು ಹುಡುಕಬೇಕು. ಯಾವುದು ಅಂತ ಒಂದು ಅಂದಾಜಿದೆ, ಸಿಕ್ಕಮೇಲೆ ಬರೆಯುತ್ತೇನೆ.