ಮೊದಲು ಕೆಲಸ, ಆಮೇಲೆ ಕಾಲೇಜು: ಆಸ್ಟ್ರೇಲಿಯಾದ ಅಪ್ರೆಂಟಿಸ್‌ಶಿಪ್

ಮೆಲ್ಬರ್ನ್‌ನಲ್ಲಿ ನಮ್ಮವರ ಮನೆಯ ಗೃಹಪ್ರವೇಶಕ್ಕೋ ನಾಮಕರಣಕ್ಕೋ ಹೋದರೆ, ಊಟದ ಹೊತ್ತಿಗೆ ಯಾರಾದರೂ ಪಕ್ಕಕ್ಕೆ ಕರೆದು ಕೇಳುತ್ತಾರೆ. "ನಮ್ಮ ಹುಡುಗ ಯೂನಿವರ್ಸಿಟಿ ಬೇಡ, ಎಲೆಕ್ಟ್ರಿಷಿಯನ್ ಆಗ್ತೀನಿ ಅಂತಿದ್ದಾನೆ. ಯಾವ ಕಾಲೇಜಿಗೆ ಸೇರಿಸೋದು?"

ಇಲ್ಲಿ ಕಾಲೇಜಿಗಿಂತ ಮೊದಲು ಹುಡುಕಬೇಕಾದ್ದು ಕೆಲಸ ಕೊಡುವವರನ್ನು. ಊರಲ್ಲಿ ಐಟಿಐ ಮುಗಿಸಿ ಆಮೇಲೆ ಕೆಲಸ ಹುಡುಕುತ್ತೇವೆ, ಅಲ್ವಾ? ಇಲ್ಲಿ ಅಪ್ರೆಂಟಿಸ್ ಅಂದರೆ ಮೊದಲ ದಿನದಿಂದಲೇ ಸಂಬಳದ ನೌಕರ. ವಾರದಲ್ಲಿ ನಾಲ್ಕು ದಿನ ಸೈಟು, ಒಂದು ದಿನ ಟೇಫ್. ಟೇಫ್ ಅಂದರೆ ಸರ್ಕಾರಿ ವೃತ್ತಿ ಕಾಲೇಜು. ಕೆಲವು ಕಡೆ ಒಂದೆರಡು ವಾರ ಒಟ್ಟಿಗೆ ಕ್ಲಾಸು ಇಡುತ್ತಾರೆ.

ಎಲೆಕ್ಟ್ರಿಕಲ್, ಪ್ಲಂಬಿಂಗ್, ಬಡಗಿ ಕೆಲಸ, ಮೆಕ್ಯಾನಿಕ್ ಇವೆಲ್ಲ ಅಪ್ರೆಂಟಿಸ್‌ಶಿಪ್. ಸಾಮಾನ್ಯವಾಗಿ 3ರಿಂದ 4 ವರ್ಷ. ಆಫೀಸು, ಅಂಗಡಿ, ಮಕ್ಕಳ ಪಾಲನೆಯಂಥ ಕೆಲಸಗಳಿಗೆ ಟ್ರೇನಿಶಿಪ್. ಅದು ಹೆಚ್ಚಾಗಿ 1ರಿಂದ 2 ವರ್ಷದ್ದು. ವಯಸ್ಸಾಯಿತು ಅಂತ ಹಿಂಜರಿಯಬೇಡಿ. ನಲವತ್ತಕ್ಕೆ ಶುರು ಮಾಡಿದವರೂ ಇದ್ದಾರೆ.

ಇಡೀ ವ್ಯವಸ್ಥೆ ನಿಂತಿರುವುದು ಒಂದು ಕಾಗದದ ಮೇಲೆ: ಟ್ರೇನಿಂಗ್ ಕಾಂಟ್ರಾಕ್ಟ್. ಮಾಲೀಕರು, ಅಪ್ರೆಂಟಿಸ್ ಇಬ್ಬರೂ ಸಹಿ ಹಾಕಬೇಕು. ಹುಡುಗನಿಗೆ 18 ತುಂಬಿರದಿದ್ದರೆ ಅಪ್ಪ ಅಥವಾ ಅಮ್ಮನೂ ಹಾಕಬೇಕು. ಸಹಿ ಮಾಡಿಸಲು ಕೇಂದ್ರ ಸರ್ಕಾರ ನೇಮಿಸಿದ ಸಂಸ್ಥೆಗಳಿವೆ. 2024ರ ಜುಲೈನಿಂದ ಅವುಗಳ ಹೆಸರು ಅಪ್ರೆಂಟಿಸ್ ಕನೆಕ್ಟ್ ಆಸ್ಟ್ರೇಲಿಯಾ. ನೋಂದಣಿ ಮಾತ್ರ ಆಯಾ ರಾಜ್ಯದ್ದು.

ಎಲೆಕ್ಟ್ರಿಷಿಯನ್ ಆಗಲು ಹೊರಟ ನನ್ನ ಅಕ್ಕನ ಮಗ ಸಿಕ್ಕಿಬಿದ್ದದ್ದು ಇಲ್ಲೇ. ಒಬ್ಬ ಗುತ್ತಿಗೆದಾರರು "ನಾಳೆಯಿಂದ ಬಾ" ಅಂದರು, ಇವನು ಹೋದ. ವಾರಕ್ಕೊಮ್ಮೆ ಕೇಳಿದರೆ "ಮಾವ, ಪೇಪರ್ ಮುಂದಿನ ವಾರ ಬರುತ್ತಂತೆ" ಅನ್ನುತ್ತಿದ್ದ. ಮೂರು ತಿಂಗಳು ಗುಂಡಿ ತೋಡಿ, ಪೈಪು ಹೊತ್ತ. ಕೊನೆಗೆ ವಿಚಾರಿಸಿದರೆ ಅವನ ಹೆಸರಲ್ಲಿ ನೋಂದಣಿಯೇ ಇರಲಿಲ್ಲ. ದುಡಿದ ಮೂರು ತಿಂಗಳು ಅಪ್ರೆಂಟಿಸ್‌ಶಿಪ್ ಲೆಕ್ಕಕ್ಕೆ ಬರಲಿಲ್ಲ. ನಾನೂ ಮೊದಲೇ ಬಾಯಿ ಬಿಡಬೇಕಿತ್ತು. ಮುಲಾಜು ನೋಡಿದೆ. ನೀವು ನೋಡಬೇಡಿ, ಮೊದಲ ವಾರವೇ ಕೇಳಿ.

ಇನ್ನು ದುಡ್ಡಿನ ವಿಷಯ. ಮೊದಲ ವರ್ಷ ಕೈ ಬಿಗಿ. ಎಷ್ಟೋ ಟ್ರೇಡ್‌ಗಳಲ್ಲಿ ಪೂರ್ತಿ ಕಲಿತವರ ಸಂಬಳದ ಅರ್ಧದ ಆಸುಪಾಸು ಸಿಗುತ್ತದೆ. 12ನೇ ಕ್ಲಾಸು ಮುಗಿಸಿದ್ದರೆ ಸ್ವಲ್ಪ ಜಾಸ್ತಿ, 21 ದಾಟಿದ್ದರೆ ಇನ್ನೂ ಜಾಸ್ತಿ. ವರ್ಷ ಕಳೆದಂತೆ ಏರುತ್ತದೆ. ಕ್ಲಾಸಿಗೆ ಹೋದ ದಿನಕ್ಕೂ ಸಾಮಾನ್ಯವಾಗಿ ಸಂಬಳ ಉಂಟು. ಕೋರ್ಸು ನಮ್ಮ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಫ್ರೀ ಟೇಫ್ ಪಟ್ಟಿಯಲ್ಲಿದ್ದು, ನೀವು ಅದಕ್ಕೆ ಅರ್ಹರಾಗಿದ್ದರೆ ಪಾಠದ ಫೀಸು ಇಲ್ಲ. ಬೇಡಿಕೆ ಇರುವ ಟ್ರೇಡ್‌ಗಳಿಗೆ ಸರ್ಕಾರದ ಸಾಲವೂ ಇದೆ. ಕೋರ್ಸು ಮುಗಿಸಿದರೆ ಅದರಲ್ಲಿ ಶೇಕಡಾ 20 ಮನ್ನಾ.

ವೀಸಾ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಪಿಆರ್ (ಕಾಯಂ ಆಗಿ ಇಲ್ಲಿರುವ ವೀಸಾ) ಅಥವಾ ಸಿಟಿಜನ್‌ಶಿಪ್ ಇಲ್ಲದವರಿಗೆ ಸಾಲ, ರಿಯಾಯಿತಿ ಸಿಗುವುದು ಕಷ್ಟ. ಸ್ಟೂಡೆಂಟ್ ವೀಸಾದವರಿಗೆ ಕ್ಲಾಸು ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಮಾತ್ರ ದುಡಿಮೆ. ಫುಲ್‌ಟೈಮ್ ಅಪ್ರೆಂಟಿಸ್ ವಾರಕ್ಕೇ 38 ಗಂಟೆ ದುಡಿಯುತ್ತಾನೆ. ಲೆಕ್ಕ ನೀವೇ ಹಾಕಿ. "ವೀಸಾ ನಾವು ಮಾಡಿಸ್ತೀವಿ" ಅಂತ ಯಾರಾದರೂ ದುಡ್ಡು ಕೇಳಿದರೆ ಸುಮ್ನೆ ಎದ್ದು ಬನ್ನಿ.

ಕೆಲಸ ಹುಡುಕಲು ಎರಡು ದಾರಿ ನಾನು ನೋಡಿದ್ದೇನೆ. ಒಂದು, ಗ್ರೂಪ್ ಟ್ರೇನಿಂಗ್ ಸಂಸ್ಥೆಗಳು. ಅವರೇ ನಿಮ್ಮನ್ನು ನೇಮಿಸಿಕೊಂಡು ಬೇರೆ ಬೇರೆ ಕಂಪನಿಗಳಿಗೆ ಕಳಿಸುತ್ತಾರೆ. ಒಂದು ಕಡೆ ಕೆಲಸ ನಿಂತರೆ ಇನ್ನೊಂದು ಕಡೆ ನೋಡುತ್ತಾರೆ. ಗುರುತು ಪರಿಚಯ ಇಲ್ಲದ ನಮ್ಮಂಥವರಿಗೆ ಇದೇ ವಾಸಿ. ಇನ್ನೊಂದು, ಬೆಳಿಗ್ಗೆ ಬೇಗ ಫೋನು. ಟ್ರೇಡಿಗಳು, ಅಂದರೆ ಈ ಕಸುಬಿನವರು, ಏಳಕ್ಕೆಲ್ಲ ಸೈಟಿನಲ್ಲಿರುತ್ತಾರೆ. ಹತ್ತು ಗಂಟೆಗೆ ಇಮೇಲ್ ಕಳಿಸಿ ಕಾಯುತ್ತಾ ಕೂತರೆ ಉತ್ತರ ಬರುವುದಿಲ್ಲ. ಕಟ್ಟಡದ ಸೈಟಿಗೆ ಕಾಲಿಡಲು ವೈಟ್ ಕಾರ್ಡ್, ಅಂದರೆ ಸುರಕ್ಷತಾ ತರಬೇತಿ ಪಡೆದ ಕಾರ್ಡು, ಬೇಕು. ಅದನ್ನು ಮೊದಲೇ ಮಾಡಿಸಿಕೊಂಡು "ಇದೆ" ಅಂದರೆ ಅರ್ಧ ಕೆಲಸ ಆದಂತೆ.

ಅಕ್ಕನ ಮಗ ಈಗ ಇಂಥದೇ ಒಂದು ಗ್ರೂಪಿನಲ್ಲಿ ಮೂರನೇ ವರ್ಷದಲ್ಲಿದ್ದಾನೆ. ಯಾವ ಕೆಲಸ ಮಾಡಿದೆ ಅಂತ ತಪ್ಪದೆ ಬರೆದಿಡಬೇಕು. ಅದು ಸರಿ ಇದ್ದರೆ ಮಾತ್ರ ಕೊನೆಯ ಪರೀಕ್ಷೆಗಳು, ಆಮೇಲೆ ವಿಕ್ಟೋರಿಯಾದ ಎ ಗ್ರೇಡ್ ಎಲೆಕ್ಟ್ರಿಷಿಯನ್ ಲೈಸೆನ್ಸು. ಲೈಸೆನ್ಸು ಬರುವ ತನಕ ಒಬ್ಬನೇ ವಯರು ಮುಟ್ಟುವುದು ಕಾನೂನಿಗೆ ವಿರುದ್ಧ. ಹಾಗಾಗಿ "ಹೇಗೂ ಬಂದಿದ್ದೀಯಲ್ಲ, ಗ್ಯಾರೇಜಿನಲ್ಲಿ ಒಂದು ಪ್ಲಗ್ ಪಾಯಿಂಟ್ ಹಾಕಿಕೊಡಪ್ಪ" ಅಂತ ದಯವಿಟ್ಟು ಅವನನ್ನು ಕೇಳಬೇಡಿ. ನಾನು ಕೇಳಿ ಬೈಸಿಕೊಂಡಿದ್ದೇನೆ.