ಕಬಡ್ಡಿ ಬರೆದರೆ ಹೊಟ್ಟೆ ತುಂಬುತ್ತದಾ ಅಂದವರಿಗೆ

ಕುಮಟಾದಲ್ಲಿ ಕೂತು ಊರ ಕಬಡ್ಡಿ ಬಗ್ಗೆ ಬರೆದೇ ಸಂಸಾರ ನಡೆಸುತ್ತೇನೆ ಅಂದಾಗ ಗೆಳೆಯರು ಯಾರೂ ನಂಬಲಿಲ್ಲ. ಈಗ ಮೂರನೇ ಸೀಸನ್ ನಡೆಯುತ್ತಿದೆ, ಅದೂ ಓದುಗರ ದುಡ್ಡಿನಲ್ಲೇ. ಆಟದ ಬಗ್ಗೆ ಬರೆಯುವವರಿಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಹೇಳುತ್ತಿದ್ದೇನೆ.

ಮೊದಲು ಐದಾರು ವರ್ಷ ಒಂದು ಸುದ್ದಿ ತಾಣಕ್ಕೆ ಕ್ರಿಕೆಟ್ ಅಂಕಣ ಬರೆಯುತ್ತಿದ್ದೆ. ಒಂದಕ್ಕೆ ನಾನೂರು ರೂಪಾಯಿ, ಕೈಗೆ ಬರುವಾಗ ಮೂರು ತಿಂಗಳು ತಡ. ಚಿನ್ನಸ್ವಾಮಿ ಮೈದಾನದ ಪಂದ್ಯವನ್ನು ನಾನೂ ಟೀವಿಯಲ್ಲಿ ನೋಡುತ್ತಿದ್ದೆ, ಓದುವವನೂ ಟೀವಿಯಲ್ಲೇ ನೋಡುತ್ತಿದ್ದ. ಅವನಿಗೆ ಗೊತ್ತಿಲ್ಲದ್ದು ನನಗೇನು ಗೊತ್ತಿರುತ್ತದೆ? ಅದಕ್ಕೇ ಬಿಟ್ಟೆ.

ಬಿಟ್ಟ ಮೇಲೆ ಜಾಹೀರಾತಿನ ದಾರಿ ಹಿಡಿದೆ. ಎಂಟ್ಹತ್ತು ತಿಂಗಳಿಗೆ ಬಂದದ್ದು ಎರಡು ಸಾವಿರದ ಆಸುಪಾಸು. ಆಮೇಲೆ ವಿಡಿಯೋ. ಟ್ರೈಪಾಡ್, ಮೈಕ್, ದೀಪ ಎಲ್ಲ ಸೇರಿ ಹನ್ನೆರಡು ಸಾವಿರ ಹೋಯಿತು. ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಧೂಳು ಎದ್ದರೆ ರೈಡರ್, ಅಂದರೆ ಎದುರಾಳಿ ಅಂಗಳಕ್ಕೆ ನುಗ್ಗಿದವನ ಕಾಲು, ಹೆಚ್ಚುವರಿ ಅಂಕ ಕೊಡುವ ಬೋನಸ್ ಗೆರೆ ದಾಟಿತೋ ಇಲ್ಲವೋ ಫೋನಿನಲ್ಲಿ ಕಾಣುವುದಿಲ್ಲ. ಜನರ ಜಗಳ ಇರುವುದೇ ಅದರ ಮೇಲೆ ಅಲ್ವಾ? ಎಲ್ಲವನ್ನೂ ಅರ್ಧ ಬೆಲೆಗೆ ಮಾರಿದೆ.

ಕೈ ಹಿಡಿದದ್ದು ನೋಟ್‌ಬುಕ್. ಒಂದು ರೈಡಿಗೆ ಒಂದು ಸಾಲು. ಯಾರು ಬಂದ, ಯಾವ ಕಡೆಯಿಂದ ಬಂದ, ಎದುರಿಗೆ ಎಷ್ಟು ಜನ ಇದ್ದರು, ಯಾರು ಮೊದಲು ಕೈ ಹಾಕಿದ, ಏನಾಯಿತು. ಅಷ್ಟೇ. ಅಂಕೋಲಾ ಕಡೆಯ ಒಂದು 60 ಕೆಜಿ ಪಂದ್ಯ ನೆನಪಿದೆ. ಎಡ ಕಾರ್ನರ್‌ನಲ್ಲಿ, ಅಂದರೆ ಎಡ ತುದಿಯಲ್ಲಿ ನಿಂತು ಹಿಡಿಯುವ ಹುಡುಗ ಒಬ್ಬ, ಒಳ್ಳೆಯ ಆಂಕಲ್ ಹೋಲ್ಡ್ (ಪಾದದ ಗಂಟು ಹಿಡಿಯುವ ಪಟ್ಟು). ಬೋನಸ್‌ಗೆ ಕಾಲು ಚಾಚಿದವರನ್ನೆಲ್ಲ ಹಿಡಿದ. ಆದರೂ ಅವನ ಟೀಮ್ ಸೋತಿತು. ನೋಡಿದವರೆಲ್ಲ ರೆಫ್ರಿಯನ್ನು ಬೈದರು. ರಾತ್ರಿಯೇ ನನ್ನ ಪುಟ ತೆಗೆದು ನೋಡಿದರೆ ಬೇರೆಯೇ ಕಾಣಿಸಿತು. ಅಂಕವಿಲ್ಲದ ಎರಡು ಖಾಲಿ ರೈಡ್ ಆಗಿ, ಅಂಕ ತರಲೇಬೇಕಾದ ಡು ಆರ್ ಡೈ ರೈಡ್ ಬಂದಾಗಲೆಲ್ಲ ಆ ಹುಡುಗ ಮುಂದೆ ನುಗ್ಗಿ ಔಟ್ ಆಗಿದ್ದ. ಆ ರೈಡಿನಲ್ಲಿ ಅವಸರ ಇರಬೇಕಾದದ್ದು ರೈಡರ್‌ಗೆ. ಮೂವತ್ತು ಸೆಕೆಂಡಿನಲ್ಲಿ ಅಂಕ ತರದಿದ್ದರೆ ಅವನೇ ಔಟ್. ಕಾರ್ನರ್‌ನವನು ಸುಮ್ನೆ ಕಾದಿದ್ದರೆ ಸಾಕಿತ್ತು.

ಅದನ್ನೇ ಬರೆದೆ. ಬೆಳಿಗ್ಗೆ ಹುಡುಗನ ಕೋಚ್ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದರು. ಆ ವಾರ ಆ ಒಂದು ಊರಿನಿಂದಲೇ ಮೂವತ್ತು ಚಿಲ್ಲರೆ ಚಂದಾ ಬಂತು. ಈ ಜಿಲ್ಲೆಯಲ್ಲಿ ಕಬಡ್ಡಿಯನ್ನು ರೈಡ್ ಲೆಕ್ಕದಲ್ಲಿ ಬರೆಯುವವರು ನಾನು ಬಿಟ್ಟರೆ ಬೇರೆ ಯಾರನ್ನೂ ನಾನು ನೋಡಿಲ್ಲ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಸೂಪರ್ ಟ್ಯಾಕಲ್ ಅಂದರೆ ಏನು ಅಂತ ಮನೆಮಂದಿಗೆಲ್ಲ ಗೊತ್ತು. ಹಾಗಾಗಿ ನೇರ ವಿಷಯಕ್ಕೆ ಹೋಗಬಹುದು.

ದುಡ್ಡಿನ ಲೆಕ್ಕ ಹೇಳುತ್ತೇನೆ. ಸೀಸನ್‌ಗೆ 200 ರೂಪಾಯಿ. ಈಗ ಸುಮಾರು 1,400 ಜನ ಇದ್ದಾರೆ, ಅದರಲ್ಲಿ ಅರ್ಧದಷ್ಟು ಗೋವಾ, ಮುಂಬೈ, ಗಲ್ಫ್‌ನಲ್ಲಿರುವ ನಮ್ಮವರೇ. ತಮ್ಮೂರ ಟೀಮ್ ಹೇಗೆ ಆಡಿತು ಅಂತ ತಿಳಿಯಲು ಅವರಿಗೆ ಬೇರೆ ದಾರಿ ಇಲ್ಲ. ಪೆಟ್ರೋಲಿಗೆ ಜಾಸ್ತಿ ಹೋಗುತ್ತದೆ. ಕಾರವಾರಕ್ಕೆ ಹೋಗುವುದೇ ಎಪ್ಪತ್ತು ಕಿಲೋಮೀಟರ್ ಹತ್ತಿರ, ಫೈನಲ್ ಮುಗಿಯುವಾಗ ಬೆಳಗಿನ ಜಾವ. ಎಲ್ಲ ಕಳೆದು ತಿಂಗಳಿಗೆ ಹದಿನೇಳು ಹದಿನೆಂಟು ಸಾವಿರ ಉಳಿಯುತ್ತದೆ. ಅಂಕಣದ ಕಾಲದಲ್ಲಿ ಇದರ ಅರ್ಧವೂ ಇರಲಿಲ್ಲ.

ಕಳಿಸುವುದು ವಾಟ್ಸಾಪ್ ಬ್ರಾಡ್‌ಕಾಸ್ಟ್‌ನಲ್ಲಿ. ಒಂದು ಪಟ್ಟಿಗೆ 256 ಜನ ಮಾತ್ರ, ಅವರೂ ನಮ್ಮ ನಂಬರ್ ಸೇವ್ ಮಾಡಿಕೊಂಡಿದ್ದರೆ ಮಾತ್ರ ತಲುಪುತ್ತದೆ. ಮೈದಾನದಲ್ಲೇ ಜನ ನಂಬರ್ ಸೇವ್ ಮಾಡಿಕೊಳ್ಳುವ ಹಾಗೆ ನಾನೊಂದು ಉಪಾಯ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಪಂದ್ಯಕ್ಕೆ ಮೊದಲೇ ಏಳು ಜನರ ಪಟ್ಟಿ ನನಗೆ ಹೇಗೆ ಸಿಗುತ್ತದೆ ಅನ್ನುವುದನ್ನೂ ಹೇಳುವುದಿಲ್ಲ.

ನಡುವೆ ಹಳಿಯಾಳದ ಕುಸ್ತಿಗೂ ಹೋದೆ. ಆ ಊರಿನ ಕುಸ್ತಿ ಅಂದರೆ ನನಗೆ ಪ್ರಾಣ. ಆದರೆ ನೋಟ್‌ಬುಕ್ ಅಲ್ಲಿ ನಡೆಯಲಿಲ್ಲ. ಹತ್ತು ನಿಮಿಷ ಏನೂ ಆಗುವುದಿಲ್ಲ, ಕೆಳಗೆ ನೋಡಿ ಬರೆಯುವಷ್ಟರಲ್ಲಿ ಒಬ್ಬ ಚಿತ್ ಆಗಿರುತ್ತಾನೆ. ಅದಕ್ಕೆ ಬರೆಯುವುದು ಬಿಟ್ಟು ಫೋನಿಗೆ ಮಾತಾಡಿ ರೆಕಾರ್ಡ್ ಮಾಡಿದೆ. ಆ ಧ್ವನಿಯನ್ನೇ ಕಳಿಸಿದರೆ ಬೋಟಿನವರಿಗೆ ತುಂಬಾ ಹಿಡಿಸಿತು. ದಡದಲ್ಲಿ ಡೌನ್‌ಲೋಡ್ ಮಾಡಿಕೊಂಡು ಸಮುದ್ರದಲ್ಲಿ ಕೇಳುತ್ತಾರೆ. ಈಗ ಕಬಡ್ಡಿಗೂ ವಾರಕ್ಕೊಂದು ಧ್ವನಿ ಕಳಿಸುತ್ತೇನೆ.

ಎಲ್ಲರೂ ಹೆದರಿಸಿದ್ದು ಮಳೆಗಾಲದ ಬಗ್ಗೆ. ಮೈದಾನವೇ ಇಲ್ಲದಿದ್ದರೆ ಏನು ಬರೆಯುತ್ತೀ ಅಂತ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಜನ ಮನೆಯಲ್ಲೇ ಇರುತ್ತಾರೆ. ಆಗಲೇ ನನ್ನ ಬರಹ ಓದುವವರು ಜಾಸ್ತಿ. ಹಳೇ ಆಟಗಾರರ ಮನೆಗೆ ಹೋಗಿ ಕೂತು ಅವರ ಕಾಲದ ಪಂದ್ಯಗಳನ್ನು ಕೇಳಿ ಬರೆಯುತ್ತೇನೆ. 2025ರ ಜೂನ್ 3ರಂದು ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದಿತಲ್ಲ, ಆ ವಾರ ಎಲ್ಲರೂ ಕೊಹ್ಲಿ ಬಗ್ಗೆ ಬರೆದರು. ನಾನು ಮಣ್ಣಿನ ಕೋರ್ಟ್‌ನಲ್ಲಿ ಬರಿಗಾಲಲ್ಲಿ ಆಡಿದ ಒಬ್ಬ ಹೊನ್ನಾವರದ ರೈಡರ್ ಬಗ್ಗೆ ಬರೆದೆ. ನಲವತ್ತೋ ಐವತ್ತೋ ಹೊಸ ಚಂದಾ ಬಂತು.

ಈ ಸಲ ಘಟ್ಟದ ಮೇಲೆ ವಾಲಿಬಾಲ್ ಹಿಡಿದಿದ್ದೇನೆ. ಆರು ಜನರ ರೊಟೇಷನ್ ಬರೆಯಲು ಪುಟ ಅಡ್ಡ ಹಿಡಿಯಬೇಕು, ಗುರುತುಗಳೂ ಬೇರೆ ಬೇಕು. ಇನ್ನೂ ಕೈ ಕೂತಿಲ್ಲ. ಆದರೆ ಶಿರಸಿ, ಸಿದ್ದಾಪುರದವರು ಈಗಲೇ ದುಡ್ಡು ಕಳಿಸಲು ಶುರು ಮಾಡಿದ್ದಾರೆ.