ಉದ್ಯೋಗ ಖಾತ್ರಿ ಕೆಲಸ ಕೇಳುವಾಗ ರಸೀದಿ ಬಿಡಬೇಡಿ

ಹೊಸನಗರದ ಕಡೆ ನಮ್ಮ ಪಕ್ಕದ ಮನೆಯ ಅಕ್ಕ ಒಂದೇ ಬೇಸಿಗೆಯಲ್ಲಿ ಮೂರು ಸಲ ಪಂಚಾಯಿತಿಗೆ ಹೋಗಿ ಕೆಲಸ ಕೇಳಿದರು. ಮೂರೂ ಸಲ ಬಾಯಿಮಾತಿನಲ್ಲಿ. "ಬಂದಾಗ ಹೇಳ್ತೀವಿ" ಅಂದರಂತೆ. ಬಸ್ ಚಾರ್ಜು ಹೋಯಿತು, ಕೇಳಿದ್ದಕ್ಕೆ ಒಂದು ಗುರುತೂ ಉಳಿಯಲಿಲ್ಲ.

ಈ ತಪ್ಪು ಇನ್ನು ಮುಂದೆ ಜಾಸ್ತಿ ಹೊಡೆತ ಕೊಡುತ್ತದೆ. ಉದ್ಯೋಗ ಖಾತ್ರಿಯ ಹಳೆಯ ಕಾನೂನಾದ ನರೇಗಾ ಬದಲಿಗೆ ವಿಬಿ–ಜಿ ರಾಮ್ ಜಿ ಅನ್ನುವ ಹೊಸ ಮಸೂದೆ 2025ರ ಡಿಸೆಂಬರಿನಲ್ಲಿ ಸಂಸತ್ತಿನಲ್ಲಿ ಪಾಸಾಯಿತು. ವರ್ಷಕ್ಕೆ 100 ದಿನ ಇದ್ದ ಕೆಲಸದ ಖಾತ್ರಿ ಅದರಲ್ಲಿ 125 ದಿನ. ಆದರೆ ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನದವರೆಗೆ ಕೆಲಸ ನಿಲ್ಲಿಸಬಹುದು. ನಮ್ಮಲ್ಲಿ ಮಳೆಗಾಲಕ್ಕೆ ನಟ್ಟಿ, ಅದು ಮುಗಿದರೆ ಅಡಿಕೆ ಕೊಯ್ಲು. ಹಾಗಾಗಿ ಬೇಸಿಗೆಯ ದಿನಗಳನ್ನು ಸುಮ್ನೆ ಕಳೆದುಕೊಳ್ಳಬೇಡಿ.

ಮೊದಲು ಜಾಬ್ ಕಾರ್ಡ್ (ಈ ಕೆಲಸಕ್ಕೆ ಪಂಚಾಯಿತಿ ಕೊಡುವ ಕಾರ್ಡು), ಆಧಾರ್, ಪಾಸ್‌ಬುಕ್ಕಿನಲ್ಲಿ ಹೆಸರು ಒಂದೇ ಥರ ಇದೆಯಾ ನೋಡಿ. ಜಾಬ್ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಲೇಬೇಡಿ, ಕೆಲಸದ ದಿನ ಬರೆಯಲು ಜಾಗ ಇರುವುದಿಲ್ಲ. "ನನ್ನ ಹತ್ರ ಇರಲಿ" ಅನ್ನುವವರ ಕೈಗೂ ಅದನ್ನು ಕೊಡಬೇಡಿ.

ಆಮೇಲೆ ಅರ್ಜಿ. ಎಲ್ಲರೂ ಎಡವುವುದು ಇಲ್ಲೇ. ನರೇಗಾದಲ್ಲಿ ಇದಕ್ಕೆ ನಮೂನೆ 6 ಅನ್ನುತ್ತಾರೆ. ಫಾರಂ ಖಾಲಿ ಅಂದರೆ ಬಿಳಿ ಹಾಳೆಯಲ್ಲೇ ಬರೆಯಿರಿ: ಹೆಸರು, ಜಾಬ್ ಕಾರ್ಡ್ ನಂಬರ್, ಯಾವತ್ತಿನಿಂದ ಎಷ್ಟು ದಿನ ಕೆಲಸ ಬೇಕು. ಬಾಲ್ ಪೆನ್ನಿನಲ್ಲೇ ಬರೆಯಿರಿ. ನಮ್ಮ ಮಳೆಯ ಥಂಡಿಗೆ ಜೆಲ್ ಪೆನ್ನಿನ ಅಕ್ಷರ ಹರಡಿಹೋಗುತ್ತದೆ.

ದಿನಾಂಕದ ಜಾಗ ಖಾಲಿ ಬಿಡಬೇಡಿ. "ಆಮೇಲೆ ಹಾಕ್ಕೊಳ್ತೀವಿ" ಅಂದರೂ ಬೇಡ, ಅಲ್ಲೇ ನಿಂತು ನೀವೇ ಬರೆಯಿರಿ. ಅರ್ಜಿ ಕೊಟ್ಟ ಮೇಲೆ ದಿನಾಂಕ, ಸಹಿ, ಸೀಲು ಇರುವ ರಸೀದಿ ಕೈಗೆ ಬರುವವರೆಗೆ ಕೌಂಟರ್ ಬಿಟ್ಟು ಕದಲಬೇಡಿ. 15 ದಿನದೊಳಗೆ ಕೆಲಸ ಕೊಡಬೇಕು ಅನ್ನುವ ಲೆಕ್ಕ ಹಿಡಿಯುವುದು ಆ ದಿನಾಂಕದಿಂದ. ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೇಳಬಹುದು. ನರೇಗಾದಲ್ಲಿ ಮೊದಲ 30 ದಿನಕ್ಕೆ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ. ರಸೀದಿ ಇಲ್ಲದಿದ್ದರೆ ಅದನ್ನು ಕೇಳಲು ಆಧಾರವೇ ಇಲ್ಲ. ಅಕ್ಕ ಈಗ ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲೇ ಇಡುತ್ತಾರೆ. ನಾನು ಒಂದು ಜೆರಾಕ್ಸ್ ಕೂಡ ಮಾಡಿಸಿ ಅನ್ನುತ್ತೇನೆ.

ಒಬ್ಬೊಬ್ಬರೇ ಹೋಗಬೇಡಿ. ಕೇರಿಯ ಹತ್ತು ಜನ ಒಟ್ಟಿಗೆ ಅರ್ಜಿ ಕೊಟ್ಟರೆ ಮಾತಿಗೆ ತೂಕ ಬರುತ್ತದೆ.

ಕೆಲಸ ಸಿಕ್ಕ ಮೇಲೆ ಹಾಜರಿ. ಮೊಬೈಲಿನಲ್ಲಿ ದಿನಕ್ಕೆ ಎರಡು ಫೋಟೊ ತೆಗೆಯುತ್ತಾರೆ. ಬೆಳಿಗ್ಗೆಯದು ಆಯಿತಲ್ಲ ಅಂತ ಮಧ್ಯಾಹ್ನ ಮನೆಗೆ ಹೋದರೆ ಕೂಲಿಗೆ ತೊಂದರೆ. ಮಳೆ ಇದ್ದರೆ ಕಂಬಳಿ ಕೊಪ್ಪೆ ತೆಗೆದು ಮುಖ ಕಾಣುವಂತೆ ನಿಲ್ಲಿ. ಗುಡ್ಡದ ಕೆಳಗೆ ಸಿಗ್ನಲ್ ಸಿಗುವುದು ಕಷ್ಟ ಅಲ್ವಾ, ಫೋಟೊ ಅಪ್‌ಲೋಡ್ ಆಯಿತಾ ಅಂತ ಕಾಯಕ ಬಂಧುವನ್ನು, ಅಂದರೆ ಕೆಲಸದ ಜಾಗದಲ್ಲಿ ಹಾಜರಿ ನೋಡಿಕೊಳ್ಳುವವರನ್ನು, ಅವತ್ತು ಸಂಜೆಯೇ ಕೇಳಿ.